ಹಿಂದಿನ ಗಾಡಿಗೆ ಬ್ರೇಕ್ ಯಾರು ಹಾಕಬೇಕು?

ಹೋದ ಬೇಸಿಗೆಯಲ್ಲಿ ನಾನೂ ನಮ್ಮನೆಯವರೂ ಮಗಳ ಮನೆಗೆ ಅಂತ ಅಮೆರಿಕಕ್ಕೆ ಹೋಗಿ ನಾಲ್ಕು ತಿಂಗಳು ಇದ್ದು ಬಂದದ್ದು ಇಲ್ಲಿ ಓದೋರಿಗೆ ಗೊತ್ತೇ ಇದೆ. ಅಲ್ಲಿನ ಜೋಳದ ಹೊಲ, ಹುಲ್ಲಿನ ಪೆಂಡಿ ಕಟ್ಟೋ ಯಂತ್ರ, ಡೈರಿ ಎಲ್ಲಾ ಬರೆದಿದ್ದೆ. ಒಂದು ವಿಚಾರ ಮಾತ್ರ ಬರೆಯದೆ ಇಟ್ಟುಕೊಂಡಿದ್ದೆ. ಅದನ್ನ ಬರೀಬೇಕು ಅಂದ್ರೆ ನಮ್ಮ ಕೆರೆ ಏರಿ ಇಳಿಜಾರಲ್ಲಿ ಆದದ್ದನ್ನೂ ಬರೀಬೇಕು. ಈಗ ಕಬ್ಬು ಕಡಿಯೋ ಕಾಲ ಮತ್ತೆ ಬಂತು, ರಸ್ತೆ ತುಂಬಾ ಟ್ರಾಲಿಗಳು ಓಡಾಡ್ತಿವೆ. ಇನ್ನು ಸುಮ್ಮನಿರೋದು ತಪ್ಪು ಅನ್ನಿಸಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಮಗಳ ಮನೆ ಇರೋದು ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್‌ನಿಂದ ಒಂದು ಗಂಟೆ ದಾರಿ. ಅಳಿಯ ಒಂದು ಹಳೇ ಪಿಕಪ್ ತಗೊಂಡಿದ್ದ. ಮನೆ ಹಿಂದೆ ಎರಡೆಕರೆ ಜಾಗ ಇದೆ, ಗೊಬ್ಬರ, ಸೌದೆ, ಮಣ್ಣು ತರೋಕೆ ಅಂತ ಎರಡು ಅಚ್ಚಿನ ಒಂದು ಟ್ರೈಲರನ್ನೂ ಸೆಕೆಂಡ್ ಹ್ಯಾಂಡಲ್ಲಿ ತಂದ. ತಂದವನು ಅದನ್ನ ಆವತ್ತೇ ಓಡಿಸಲಿಲ್ಲ. ಮೂರು ಸಂಜೆ ಕೂತ್ಕೊಂಡು ಬ್ರೇಕ್ ಕಂಟ್ರೋಲರ್ ಅನ್ನೋ ಒಂದು ಸಣ್ಣ ಡಬ್ಬಿ ಯಾವುದು ತಗೊಳ್ಳೋದು ಅಂತ ಲೆಕ್ಕ ಹಾಕಿದ. ನಾನು ಕೇಳಿದೆ, "ಗಾಡಿಗೆ ಬ್ರೇಕ್ ಇದೆಯಲ್ಲಪ್ಪ, ಇನ್ನೆಂಥ ಡಬ್ಬಿ?" ಅವನು ಅಂದ, "ಮಾವ, ಆ ಬ್ರೇಕು ಮುಂದಿನ ಗಾಡಿಗೆ. ಹಿಂದಿನದಕ್ಕೆ ಅದರದ್ದೇ ಬ್ರೇಕ್ ಇದೆ. ನಾನು ಇಲ್ಲಿ ಪೆಡಲ್ ಒತ್ತಿದಾಗ ಅಲ್ಲಿ ಎಷ್ಟು ಹಿಡೀಬೇಕು ಅಂತ ಹೇಳೋದು ಈ ಡಬ್ಬಿ."

ಹಿಂದಿನದಕ್ಕೆ ಅದರದ್ದೇ ಬ್ರೇಕ್. ಆ ಮಾತು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಅಂತ ಹೇಳ್ತೀನಿ. ಆರು ವರ್ಷದ ಹಿಂದೆ ನಾನು ಹೊಸ ಟ್ರಾಲಿ ಮಾಡಿಸಿದೆ, ನಾಲ್ಕು ಗಾಲಿದು. ಮಾಡಿಕೊಟ್ಟ ವೆಲ್ಡಿಂಗ್‌ನವನು ಕೇಳಿದ, "ಅಣ್ಣ, ಬ್ರೇಕಿನ ಅಚ್ಚು ಹಾಕಿಬಿಡ್ಲಾ? 18,000 ಜಾಸ್ತಿ ಆಗುತ್ತೆ." ನಾನು ಅಂದೆ, "ಯಾರ ಟ್ರಾಲಿಗೆ ಬ್ರೇಕ್ ಇದೆ ಈ ಊರಲ್ಲಿ? ಟ್ರಾಕ್ಟರ್‌ಗೆ ಇದೆಯಲ್ಲ, ಸಾಕು ಬಿಡು." ಎರಡನೇ ವರ್ಷ ಫೆಬ್ರವರಿಯಲ್ಲಿ, ಕಬ್ಬು ತುಂಬಿಕೊಂಡು ಕೆರೆ ಏರಿ ಇಳೀವಾಗ, ಎದುರಿಗೆ ಒಂದು ಹಸು ಅಡ್ಡ ಬಂತು. ನಮ್ಮ ಡ್ರೈವರ್ ಹುಡುಗ ಬ್ರೇಕ್ ಒತ್ತಿದ. ಟ್ರಾಕ್ಟರ್ ನಿಲ್ಲೋಕೆ ನೋಡ್ತು, ಟ್ರಾಲಿ ನಿಲ್ಲಲಿಲ್ಲ. ಹಿಂದಿನಿಂದ ಮೂಕಿ ತಳ್ಳಿ ಟ್ರಾಕ್ಟರನ್ನ ಅಡ್ಡಕ್ಕೆ ತಿರುಗಿಸ್ತು, ಎರಡೂ ಕತ್ತರಿ ಹಾಗೆ ಮಡಚಿಕೊಂಡ್ವು. ಹುಡುಗನ ಎಡಗಾಲು ಮಡ್‌ಗಾರ್ಡ್‌ಗೂ ಟ್ರಾಲಿ ಮೂಕಿಗೂ ಮಧ್ಯೆ ಸಿಕ್ಕಿಕೊಳ್ತು. ಜೀವ ಉಳೀತು. ಕಾಲು ಉಳಿದರೂ ಮೊದಲಿನ ಹಾಗಾಗಲಿಲ್ಲ, ಈಗಲೂ ಎಳೆದು ನಡೀತಾನೆ. ಊರಲ್ಲಿ ಎಲ್ಲರೂ ಹಸುವಿಗೆ ಬೈದರು, ಕೆಲವರು ಅವನಿಗೇ ಬೈದರು. ನಾನೂ ಯಾರಿಗೂ ಆ 18,000ದ ಮಾತು ಹೇಳಲಿಲ್ಲ. ಇವತ್ತು ಹೇಳ್ತಿದ್ದೀನಿ.

ಅಲ್ಲಿದ್ದಾಗ ಕೆಲಸ ಇರಲಿಲ್ಲ. ಊರಿನ ಲೈಬ್ರರಿಗೆ ಮಗಳು ಬಿಟ್ಟು ಹೋಗೋಳು. ಹಿಂದಿನ ಗಾಡಿಯನ್ನ ನಿಲ್ಲಿಸೋ ವಿದ್ಯೆ ಎಲ್ಲಿಂದ ಬಂತು ಅಂತ ಹುಡುಕಿ ಹುಡುಕಿ ಓದಿದೆ. ಇದು ಆ ಓದಿನ ಸಾರ.

ಮೊದಲು ಲೆಕ್ಕ ನೋಡಿ. ನಾನು ಈ ಲೆಕ್ಕ ಮಾಡಿದ್ದು ಅವಘಡ ಆದ ಮೂರು ವರ್ಷದ ಮೇಲೆ, ಅಲ್ಲಿ ಕೂತು. ನಮ್ಮ ಟ್ರಾಕ್ಟರಿನ ಬ್ರೇಕ್ ಇರೋದು ಹಿಂದಿನ ಎರಡು ದೊಡ್ಡ ಗಾಲಿಗೆ ಮಾತ್ರ. ಆ ಎರಡು ಗಾಲಿ ಮೇಲೆ ಬೀಳೋ ತೂಕ ಸುಮಾರು ಒಂದೂವರೆ ಟನ್ ಅಂತ ಇಟ್ಕೊಳ್ಳಿ. ಒಣ ರಸ್ತೆಯಲ್ಲಿ ಟೈರಿನ ಹಿಡಿತ ತೂಕದ ನೂರಕ್ಕೆ ಅರವತ್ತು ಪಾಲು ಅಂದ್ರೂ, ಬ್ರೇಕ್ ಎಷ್ಟೇ ಗಟ್ಟಿ ಒತ್ತಿದ್ರೂ ಅದು ತಡೆಯೋದು 900 ಕೆಜಿಯಷ್ಟು ನೂಕನ್ನ. ಅದಕ್ಕಿಂತ ಜಾಸ್ತಿ ಒತ್ತಿದ್ರೆ ಗಾಲಿ ಲಾಕಾಗಿ ಜಾರುತ್ತೆ ಅಷ್ಟೆ. ಈಗ ಟ್ರಾಕ್ಟರ್ ಎರಡು ಟನ್, ತುಂಬಿದ ಟ್ರಾಲಿ ಎಂಟು ಟನ್, ಒಟ್ಟು ಹತ್ತು. ಹತ್ತು ಅಡಿಗೆ ಒಂದಡಿ ಇಳಿಯೋ ಇಳಿಜಾರಲ್ಲಿ ಈ ಹತ್ತು ಟನ್ ಕೆಳಕ್ಕೆ ಎಳೆಯೋದು ಸುಮಾರು 1,000 ಕೆಜಿ ಬಲದಲ್ಲಿ. ಅಂದ್ರೆ ನಿಲ್ಲಿಸೋದು ದೂರದ ಮಾತು, ಇದ್ದ ವೇಗದಲ್ಲಿ ಹಿಡಿದುಕೊಳ್ಳೋಕೂ ಆ ಬ್ರೇಕಿಗೆ ತಾಕತ್ತಿಲ್ಲ. ಗಾಲಿ ಉರುಳುವಾಗಿನ ತಡೆ ಸ್ವಲ್ಪ ನೆರವಾಗುತ್ತೆ, ಇಂಜಿನ್ ಗೇರಲ್ಲಿದ್ರೆ ಅದೂ ಹಿಡಿಯೋದು ಅದೇ ಎರಡು ಗಾಲಿಯ ಮೂಲಕವೇ. ಸಮತಟ್ಟು ರಸ್ತೆಯಲ್ಲೂ ಗಂಟೆಗೆ 30 ಕಿಲೋಮೀಟರಲ್ಲಿ ಹೋಗ್ತಿದ್ರೆ ಬ್ರೇಕ್ ಹಿಡಿದ ಮೇಲೆ 40 ಮೀಟರ್ ಹತ್ತಿರ ಬೇಕು. ಹತ್ತೂ ಟನ್ನಿಗೆ ತಕ್ಕ ಬ್ರೇಕ್ ಎಲ್ಲಾ ಗಾಲಿಯಲ್ಲೂ ಇದ್ದಿದ್ರೆ 12 ಮೀಟರಲ್ಲಿ ನಿಲ್ತಿತ್ತು. ನಮ್ಮ ಹುಡುಗ ತಪ್ಪು ಮಾಡಿರಲಿಲ್ಲ. ಮಾಡೋಕೆ ಅವನ ಕೈಯಲ್ಲಿ ಏನೂ ಇರಲಿಲ್ಲ.

ಈ ತೊಂದರೆ ಟ್ರಾಕ್ಟರಿನ ಜೊತೆ ಬಂದದ್ದಲ್ಲ. ಎತ್ತಿನ ಗಾಡಿ ಕಾಲದ್ದು. ನಮ್ಮ ತಾತ ಇಳಿಜಾರು ಬಂದ್ರೆ ಗಾಡಿ ಹಿಂದಕ್ಕೆ ಒಂದು ಮರದ ದಿಮ್ಮಿ ಹಗ್ಗದಲ್ಲಿ ಕಟ್ಟಿ ಎಳೆಸೋರಂತೆ. ಅದು ನೆಲ ಕೆರೀತಾ ಗಾಡೀನ ಹಿಡಿಯೋದು. ಅದೂ ಇಲ್ಲದಿದ್ರೆ ಭಾರವೆಲ್ಲಾ ಎತ್ತಿನ ಕುತ್ತಿಗೆ ಮೇಲೆ. ಎತ್ತೇ ಬಿರೀಕು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು ಮ್ಯಾನೇಜ್‌ಮೆಂಟ್ ಪಾಠದ ಜೊತೆಗೆ ಎತ್ತಿನ ಗಾಡಿಯನ್ನೂ ಹಿಡಿದು ಅಧ್ಯಯನ ಮಾಡಿದೋರು. ನೊಗದಿಂದ ಎತ್ತಿನ ಕುತ್ತಿಗೆಗೆ ಆಗೋ ಗಾಯದ ಬಗ್ಗೆ, ಗಾಡಿ ಸುಧಾರಿಸಬೇಕಾದ ಬಗ್ಗೆ ಜೀವನವಿಡೀ ಹೇಳ್ತಾ ಹೋದರು. ಆಗ ಎಷ್ಟೋ ಜನ ನಕ್ಕರು. ಅವರು ಹೇಳಿದ್ದು ಎತ್ತಿನ ವಿಚಾರ. ಎತ್ತಿನ ಜಾಗಕ್ಕೆ ನಾವು ಟ್ರಾಕ್ಟರ್ ತಂದ್ವಿ, ಅದರ ಮೇಲೆ ಒಬ್ಬ ಹುಡುಗನ್ನ ಕೂರಿಸಿದ್ವಿ, ಕುತ್ತಿಗೆ ಮೇಲಿನ ಭಾರ ಹಾಗೇ ಉಳೀತು.

ಅಮೆರಿಕದಲ್ಲೂ ಹಿಂದೆ ಹೀಗೇ ಇತ್ತು. ಪೆನ್ಸಿಲ್ವೇನಿಯಾ ಕಡೆಯ ರೈತರು ಕೊನೆಸ್ಟೋಗ ಅನ್ನೋ ದೊಡ್ಡ ಕುದುರೆ ಗಾಡಿಗಳನ್ನ ಓಡಿಸೋರು. ಅದರ ಎಡಗಡೆ ಹೊರಕ್ಕೆ ಎಳೆಯೋ ಒಂದು ಹಲಗೆ ಇರೋದು. ಗಾಡಿಯವನು ಅದರ ಮೇಲೆ ಕೂತು, ಉದ್ದನೆ ಹಿಡಿ ಎಳೆದು, ಮರದ ದಪ್ಪ ತುಂಡನ್ನ ಹಿಂದಿನ ಗಾಲಿಗೆ ಒತ್ತೋನು. ಕಡಿದಾದ ಇಳಿಜಾರಲ್ಲಿ ಗಾಲಿ ಕೆಳಗೆ ಕಬ್ಬಿಣದ ಪಾದರಕ್ಷೆ ಥರದ್ದು ಇಟ್ಟು ಗಾಲಿ ತಿರುಗದ ಹಾಗೆ ಮಾಡಿ ಜಾರಿಸಿಕೊಂಡು ಇಳಿಸೋರು. ಗಮನಿಸಿ, ಬ್ರೇಕ್ ಕುದುರೆಗೆ ಇಲ್ಲ, ಭಾರ ಹೊತ್ತ ಗಾಡಿಗೆ. ಭಾರ ಎಲ್ಲಿದೆಯೋ ಅಲ್ಲೇ ಹಿಡೀಬೇಕು ಅನ್ನೋದು ಆ ಗಾಡಿಯವನಿಗೆ ಗೊತ್ತಿತ್ತು. 18,000 ಉಳಿಸಿದ ನನಗೆ ಗೊತ್ತಿರಲಿಲ್ಲ.

ಆಮೇಲೆ ರೈಲು ಬಂತು. ಒಂದು ಇಂಜಿನ್ ಹಿಂದೆ ಮೂವತ್ತು ನಲವತ್ತು ಡಬ್ಬಿ. ಇಂಜಿನ್ ಬ್ರೇಕಿನಿಂದ ನಿಲ್ಲಲ್ಲ. ಅದಕ್ಕೆ ಪ್ರತಿ ಡಬ್ಬಿಗೂ ಕೈಬ್ರೇಕ್ ಇಟ್ಟು, ಅದನ್ನ ತಿರುಗಿಸೋಕೆ ಬ್ರೇಕ್‌ಮನ್ ಅಂತ ಆಳುಗಳನ್ನ ಇಟ್ಟರು. ಇಂಜಿನ್ ಡ್ರೈವರ್ ಸೀಟಿ ಹೊಡೆದ ತಕ್ಷಣ ಇವರು ಓಡೋ ರೈಲಿನ ಮಾಡಿನ ಮೇಲೆ ಡಬ್ಬಿಯಿಂದ ಡಬ್ಬಿಗೆ ನಡೆದು ಒಂದೊಂದೇ ಚಕ್ರ ತಿರುಗಿಸಬೇಕು. ಹಿಮ ಬಿದ್ದು ಮಾಡು ಜಾರ್ತಿದ್ರೂ, ರಾತ್ರಿ ಆದ್ರೂ ಸರಿ. ಡಬ್ಬಿಗೆ ಡಬ್ಬಿ ಕೊಕ್ಕೆ ಹಾಕೋವಾಗ ಬೆರಳು ಹೋಗೋದು ಸಾಮಾನ್ಯ. ಬೆರಳಿಲ್ಲದ ಕೈ ನೋಡಿದ್ರೆ ಇವನು ರೈಲ್ವೆ ಕೆಲಸದವನು ಅಂತ ಹೇಳಬಹುದಿತ್ತಂತೆ.

1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಅನ್ನೋ 22 ವರ್ಷದ ಹುಡುಗ ಗಾಳಿ ಬ್ರೇಕಿಗೆ ಪೇಟೆಂಟ್ ತಗೊಂಡ. ಇಂಜಿನ್ನಲ್ಲಿ ಗಾಳಿ ಒತ್ತಿ, ಕೊಳವೆಯಲ್ಲಿ ಎಲ್ಲಾ ಡಬ್ಬಿಗೆ ಕಳಿಸಿದ್ರೆ ಅಲ್ಲಿ ಬ್ರೇಕ್ ಹಿಡಿಯುತ್ತೆ. ಚೆನ್ನಾಗೇ ಇತ್ತು, ಒಂದು ದೋಷ ಬಿಟ್ಟು. ಕೊಳವೆ ಒಡೆದ್ರೆ ಅಥವಾ ಡಬ್ಬಿ ಕಳಚಿಕೊಂಡ್ರೆ ಗಾಳಿ ಹೋಗುತ್ತೆ, ಬ್ರೇಕೂ ಹೋಗುತ್ತೆ. ಬ್ರೇಕ್ ಅತ್ಯಂತ ಬೇಕಾದ ಹೊತ್ತಲ್ಲೇ ಇರಲ್ಲ. ಮೂರ್ನಾಲ್ಕು ವರ್ಷದಲ್ಲಿ ಅವನೇ ಅದನ್ನ ತಲೆಕೆಳಗು ಮಾಡಿದ. ಪ್ರತಿ ಡಬ್ಬಿಗೂ ಅದರದ್ದೇ ಗಾಳಿ ಟ್ಯಾಂಕು. ಕೊಳವೆಯಲ್ಲಿ ಗಾಳಿ ತುಂಬಿದ್ರೆ ಬ್ರೇಕ್ ಬಿಡುತ್ತೆ, ಗಾಳಿ ಕಮ್ಮಿಯಾದ್ರೆ ಟ್ಯಾಂಕಿನ ಗಾಳಿಯಿಂದ ಬ್ರೇಕ್ ಹಿಡಿಯುತ್ತೆ. ಕೊಳವೆ ಒಡೆದ್ರೆ? ತಾನಾಗೇ ನಿಲ್ಲುತ್ತೆ. ಇವತ್ತು ರಸ್ತೆಯಲ್ಲಿ ಓಡೋ ದೊಡ್ಡ ಲಾರಿ ಟ್ರೈಲರುಗಳಲ್ಲೂ ಇರೋದು ಇದೇ ತತ್ವ.

ಇದನ್ನ ಮಾಡಿದ್ದಾಯ್ತು, ಎಲ್ಲರೂ ಹಾಕಿಸಿಕೊಂಡರಾ? ಇಲ್ಲ. ಇದು ಓದುವಾಗ ನನಗೆ ನಮ್ಮೂರೇ ಕಾಣಿಸ್ತು. ಖರ್ಚು ಜಾಸ್ತಿ, ಇಲ್ಲಿವರೆಗೆ ನಡೆದಿದೆಯಲ್ಲ, ಗೂಡ್ಸ್ ರೈಲಿಗೆಲ್ಲಾ ಯಾಕೆ, ಅಂತ ರೈಲ್ವೆ ಕಂಪನಿಗಳು ವರ್ಷಗಟ್ಟಲೆ ತಳ್ಳಿದವು. ಅದರ ವಿರುದ್ಧ ನಿಂತವನು ಒಬ್ಬ ರೈತ. ಅಯೋವಾ ರಾಜ್ಯದ ಫೋರ್ಟ್ ಡಾಡ್ಜ್ ಊರಿನ ಲೊರೆಂಜೊ ಕಾಫಿನ್. ಒಬ್ಬ ಬ್ರೇಕ್‌ಮನ್ ಕೊಕ್ಕೆ ಹಾಕೋವಾಗ ಬೆರಳು ಕಳೆದುಕೊಂಡದ್ದನ್ನ ಕಣ್ಣಾರೆ ನೋಡಿ ಆತನ ಮನಸ್ಸು ಕಲಕಿತು. ಅಲ್ಲಿಂದ ಹೋದಲ್ಲಿ ಬಂದಲ್ಲಿ ಇದೇ ಮಾತು. ಸಭೆಗಳಲ್ಲಿ ಎದ್ದು ನಿಂತ, ಪತ್ರ ಬರೆದ, ಬೈಸಿಕೊಂಡ, ಹುಚ್ಚ ಅನ್ನಿಸಿಕೊಂಡ. 1883ರಲ್ಲಿ ಆತನನ್ನ ಅಯೋವಾದ ರೈಲ್ವೆ ಕಮಿಷನರ್ ಮಾಡಿದರು.

1886ರಲ್ಲಿ ಮತ್ತೆ 1887ರಲ್ಲಿ ಅಯೋವಾದ ಬರ್ಲಿಂಗ್ಟನ್ ಹತ್ತಿರ ಒಂದು ಇಳಿಜಾರಲ್ಲಿ 50 ಡಬ್ಬಿಯ ಗೂಡ್ಸ್ ರೈಲಿಗೆ ಬ್ರೇಕ್ ಪರೀಕ್ಷೆ ನಡೆಸಿದರು. ಗಾಳಿ ಬ್ರೇಕ್ ಸೋತಿತು. ಯಾಕೆ ಅಂದ್ರೆ, ಉದ್ದನೆ ಕೊಳವೆಯಲ್ಲಿ ಗಾಳಿ ಕಮ್ಮಿಯಾಗೋ ಸುದ್ದಿ ಹಿಂದಿನ ಡಬ್ಬಿಗೆ ಮುಟ್ಟೋದು ತಡ. ಮುಂದಿನವು ಹಿಡಿದಿವೆ, ಹಿಂದಿನವು ಇನ್ನೂ ಓಡ್ತಿವೆ, ಎಲ್ಲಾ ಬಂದು ಮುಂದಿನದಕ್ಕೆ ಗುದ್ದಿದವು. ವೆಸ್ಟಿಂಗ್‌ಹೌಸ್ ಸುಮ್ಮನಿರಲಿಲ್ಲ. 1887ರಲ್ಲೇ ಹೊಸ ವಾಲ್ವ್ ಮಾಡಿ ಆ ತಡವನ್ನ ತುಂಬಾ ಕಮ್ಮಿ ಮಾಡಿದ, 50 ಡಬ್ಬಿಯ ರೈಲು ಗುದ್ದಾಟ ಇಲ್ಲದೆ ನಿಂತಿತು. ಕಡೆಗೆ 1893ರ ಮಾರ್ಚ್ 2ರಂದು ಅಮೆರಿಕದ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಹಿ ಹಾಕಿ, ರೈಲಿಗೆ ಗಾಳಿ ಬ್ರೇಕ್ ಮತ್ತೆ ತಾನಾಗಿ ಕೂರೋ ಕೊಕ್ಕೆ ಕಡ್ಡಾಯ ಅನ್ನೋ ಕಾನೂನು ಬಂತು. ಒಬ್ಬ ರೈತ ಶುರು ಮಾಡಿದ ಮಾತು ಕಾನೂನಾಗೋಕೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡೀತು.

ಬ್ರಿಟಿಷರ ಕಡೆ ಕಾನೂನು ಬರೋಕೆ ಸಾವು ಬೇಕಾಯ್ತು. 1889ರ ಜೂನ್ 12, ಐರ್ಲೆಂಡಿನ ಆರ್ಮಾ ಪಟ್ಟಣ. ಭಾನುವಾರ ಶಾಲೆಯ ಮಕ್ಕಳನ್ನ ಸಮುದ್ರ ತೀರಕ್ಕೆ ಕರ್ಕೊಂಡು ಹೋಗ್ತಿದ್ದ ರೈಲು ದಿಬ್ಬ ಹತ್ತಲಾರದೆ ನಿಂತಿತು. ಅರ್ಧ ರೈಲು ಮೊದಲು ತಗೊಂಡು ಹೋಗೋಣ ಅಂತ ಹಿಂದಿನ ಡಬ್ಬಿಗಳನ್ನ ಕಳಚಿದರು. ಆ ರೈಲಿನ ಬ್ರೇಕು ಕಳಚಿದ್ರೆ ಬಿಟ್ಟುಹೋಗೋ ಜಾತಿದು. ಹಿಂದೆ ಉಳಿದಿದ್ದು ಒಂದು ಕೈಬ್ರೇಕ್ ಮತ್ತೆ ಗಾಲಿ ಕೆಳಗಿಟ್ಟ ಕಲ್ಲು. ಮುಂದಿನ ಭಾಗ ಹೊರಡುವಾಗ ಸ್ವಲ್ಪ ಹಿಂದಕ್ಕೆ ಬಂದು ತಗುಲಿತು, ಹಿಂದಿನ ಡಬ್ಬಿಗಳು ಇಳಿಜಾರಲ್ಲಿ ಓಡಿ ಹಿಂದೆ ಬರ್ತಿದ್ದ ರೈಲಿಗೆ ಹೊಡೆದವು. ಸುಮಾರು 80 ಜನ ಸತ್ತರು, ಅದರಲ್ಲಿ ಮಕ್ಕಳೇ ಎಷ್ಟೋ. ಅದೇ ವರ್ಷ ಪ್ರಯಾಣಿಕರ ರೈಲಿಗೆಲ್ಲಾ ತಾನಾಗಿ ಹಿಡಿಯೋ ಬ್ರೇಕ್ ಕಡ್ಡಾಯ ಮಾಡಿದರು. ಗಾಲಿ ಕೆಳಗೆ ಕಲ್ಲು ಇಡೋದು ಓದಿದಾಗ ನಾನು ಪುಸ್ತಕ ಮುಚ್ಚಿಬಿಟ್ಟೆ. ನಮ್ಮ ಎಲ್ಲಾ ಟ್ರಾಲಿಯಲ್ಲೂ ಒಂದು ಕಲ್ಲು ಇದ್ದೇ ಇರುತ್ತೆ.

ಇನ್ನು ರಸ್ತೆ ಗಾಡಿಗೆ ಬರೋಣ. 1914ರಲ್ಲಿ ಡೆಟ್ರಾಯಿಟ್‌ನ ಕಮ್ಮಾರ ಆಗಸ್ಟ್ ಫ್ರೂಹಾಫ್ ಹತ್ತಿರ ಸಿಬ್ಲಿ ಅನ್ನೋ ಮರದ ವ್ಯಾಪಾರಿ ಬಂದು, ನನ್ನ ದೋಣೀನ ಫೋರ್ಡ್ ಮಾಡೆಲ್ ಟಿ ಕಾರಿಗೆ ಕಟ್ಟಿ ಎಳೆಯೋ ಹಾಗೆ ಏನಾದ್ರೂ ಮಾಡಿಕೊಡು ಅಂದ. ಫ್ರೂಹಾಫ್ ಮಾಡಿಕೊಟ್ಟ. ವ್ಯಾಪಾರಿಗೆ ಖುಷಿಯಾಗಿ ಮರದ ಸಾಗಣೆಗೂ ಅಂಥದ್ದೇ ಮಾಡಿಸಿದ. ನಮ್ಮೂರ ಕುಲುಮೆಯವರು ಟ್ರಾಲಿ ಮಾಡೋಕೆ ಶುರು ಮಾಡಿದ ಕಥೆಯೂ ಇದೇ ಅಲ್ವಾ? ಫ್ರೂಹಾಫ್ ಮಾತ್ರ ದೊಡ್ಡ ಟ್ರೈಲರ್ ಕಂಪನಿ ಕಟ್ಟಿದ. ಮಾಡೆಲ್ ಟಿ ಕಾರಿನ ಬ್ರೇಕೇ ಅಷ್ಟಕ್ಕಷ್ಟೆ, ಪೆಡಲ್ ಬ್ರೇಕು ಗೇರ್ ಡಬ್ಬಿಯೊಳಗಿನ ಪಟ್ಟಿ ಹಿಡಿಯೋದು. ಫೋರ್ಡ್ ಕಾರಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರಲ್ಲಿ. ಮುಂದಿನದೇ ಹೀಗಿದ್ದ ಮೇಲೆ ಹಿಂದಿನದನ್ನ ಯಾರು ಕೇಳೋರು?

ಕೇಳಿದವನು ಆರ್ಥರ್ ಪ್ರಾಟ್ ವಾರ್ನರ್. ವಿಸ್ಕಾನ್ಸಿನ್ ರಾಜ್ಯದ ಬೆಲಾಯ್ಟ್ ಊರಿನವನು. ಮೊದಲು ಸಹೋದರನ ಜೊತೆ ಸೇರಿ ಕಾರಿನ ಸ್ಪೀಡೋಮೀಟರ್ ಮಾಡಿ ದುಡ್ಡು ಕಂಡ. 1909ರಲ್ಲಿ ಒಂದು ವಿಮಾನ ಕೊಂಡು, ಜೋಡಿಸಿ, ಹೊಲದ ಮೇಲೆ ತಾನೇ ಹಾರಿಸಿದ. 1920ರ ದಶಕದ ಕೊನೆಗೆ ಆತ ಟ್ರೈಲರಿಗೆ ಅಂತಲೇ ವಿದ್ಯುತ್ ಬ್ರೇಕ್ ತಂದ. ಯೋಚನೆ ಸರಳ. ಮುಂದಿನ ಗಾಡಿಯಿಂದ ಹಿಂದಿನದಕ್ಕೆ ಎಣ್ಣೆ ಕೊಳವೆ ಎಳೆದ್ರೆ ಪ್ರತಿ ಸಲ ಕಳಚುವಾಗ ಎಣ್ಣೆ ಸೋರುತ್ತೆ, ಒಳಗೆ ಗಾಳಿ ಸೇರುತ್ತೆ. ಕಾರಿನಲ್ಲಿ ಗಾಳಿ ಪಂಪ್ ಇಲ್ಲ. ಆದ್ರೆ ಬ್ಯಾಟರಿ ಇದೆ. ಒಂದು ವಯರ್ ಸಾಕು.

ಡ್ರಮ್ ಬಿಚ್ಚಿ ಅಳಿಯ ತೋರಿಸಿದ, ನೂರು ವರ್ಷ ಹತ್ತಿರ ಆದ್ರೂ ಹೆಚ್ಚು ಬದಲಾಗಿಲ್ಲ. ಒಳಗೆ ಬಿಸ್ಕತ್ ಗಾತ್ರದ ಒಂದು ವಿದ್ಯುತ್ ಅಯಸ್ಕಾಂತ, ಒಂದು ಸಣ್ಣ ತೋಳಿನ ತುದಿಯಲ್ಲಿ. ಕರೆಂಟ್ ಬಂದ ತಕ್ಷಣ ಅದು ತಿರುಗೋ ಡ್ರಮ್ಮಿನ ಮುಖಕ್ಕೆ ಅಂಟಿಕೊಳ್ಳೋಕೆ ನೋಡುತ್ತೆ. ಡ್ರಮ್ ಅದನ್ನ ತನ್ನ ಜೊತೆ ಎಳೀತದೆ, ತೋಳು ವಾಲುತ್ತೆ, ಆ ತೋಳು ಬ್ರೇಕ್ ಶೂಗಳನ್ನ ಅಗಲಿಸಿ ಡ್ರಮ್ಮಿಗೆ ಒತ್ತುತ್ತೆ. ಅಂದ್ರೆ ನಿಲ್ಲಿಸೋ ಬಲ ಬಹುಪಾಲು ಗಾಲಿಯ ತಿರುಗಾಟದಿಂದಲೇ ಬರುತ್ತೆ. ಕರೆಂಟ್ ಬೇಕಾಗೋದು ಒಂದು ಗಾಲಿಗೆ 3 ಆಂಪಿಯರ್ ಆಸುಪಾಸು, 12 ವೋಲ್ಟಿನಲ್ಲಿ. ನಾಲ್ಕು ಗಾಲಿಗೆ ಹನ್ನೆರಡು ಹದಿಮೂರು.

ಬ್ರೇಕ್ ಸಿಕ್ತು. ಕಷ್ಟ ಇದ್ದದ್ದು ಎಷ್ಟು ಕರೆಂಟ್ ಕಳಿಸಬೇಕು ಅನ್ನೋದರಲ್ಲಿ. ಕಂಟ್ರೋಲರಿನ ಚರಿತ್ರೆ ಶುರುವಾಗೋದು ಇಲ್ಲಿ. ಹಳೇ ಕಾಲದವು ಕಾರಿನ ಮಾಸ್ಟರ್ ಸಿಲಿಂಡರಿನಿಂದ ಒಂದು ಕವಲು ತೆಗೆದು, ಎಣ್ಣೆ ಒತ್ತಡ ಜಾಸ್ತಿಯಾದಷ್ಟೂ ಕರೆಂಟ್ ಜಾಸ್ತಿ ಬಿಡೋ ಹಾಗಿದ್ದವು. ಕಾಲು ಎಷ್ಟು ಒತ್ತುತ್ತೋ ಹಿಂದೆ ಅಷ್ಟು ಹಿಡಿತ. ಆದ್ರೆ 1960ರ ದಶಕದ ಕೊನೆಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಬಂದು, ಆಮೇಲೆ ಎಬಿಎಸ್ ಬಂದು, ಕಾರಿನ ಬ್ರೇಕ್ ಎಣ್ಣೆಗೆ ಕೈ ಹಾಕೋದು ಅಪಾಯ ಅಂತಾಯ್ತು. ಆಗ ಬಂದವು ಎಲೆಕ್ಟ್ರಾನಿಕ್ ಡಬ್ಬಿಗಳು. ಅದರಲ್ಲಿ ಎರಡು ಜಾತಿ.

ಒಂದು, ಟೈಮ್ ಡಿಲೇ. ಬ್ರೇಕ್ ಲೈಟ್ ಹತ್ತಿದ ತಕ್ಷಣ ಮೊದಲೇ ಇಟ್ಟ ಮಟ್ಟದವರೆಗೆ ಕರೆಂಟನ್ನ ನಿಧಾನಕ್ಕೆ ಏರಿಸ್ತಾ ಹೋಗುತ್ತೆ. ನೀವು ಪೆಡಲ್ ಮೆತ್ತಗೆ ಮುಟ್ಟಿದ್ರೂ ಅಷ್ಟೆ, ಎದ್ದು ನಿಂತು ಒತ್ತಿದ್ರೂ ಅಷ್ಟೆ. ಬೆಲೆ ಕಮ್ಮಿ. ಆದ್ರೆ ಟ್ರಾಫಿಕ್ಕಲ್ಲಿ ಮೆತ್ತಗೆ ಹಿಡಿದಾಗ ಹಿಂದಿನದು ಎಳೆದು ಕುಲುಕುತ್ತೆ, ತುರ್ತಲ್ಲಿ ತಡವಾಗುತ್ತೆ. ಬರ್ಲಿಂಗ್ಟನ್ ದಿಬ್ಬದ ಅದೇ ತೊಂದರೆ.

ಇನ್ನೊಂದು, ಪ್ರೊಪೋರ್ಷನಲ್. ಇದರೊಳಗೆ ಮೊದಮೊದಲು ಒಂದು ಲೋಲಕ ಇತ್ತು. ಗಾಡಿ ನಿಧಾನ ಆದಾಗ ಬಸ್ಸಲ್ಲಿ ನಿಂತೋರು ಮುಂದಕ್ಕೆ ವಾಲ್ತಾರಲ್ಲ, ಹಾಗೆ ಲೋಲಕ ವಾಲುತ್ತೆ. ಜಾಸ್ತಿ ವಾಲಿದ್ರೆ ಜಾಸ್ತಿ ಕರೆಂಟ್. ಈಗ ಲೋಲಕದ ಬದಲು ಚಿಪ್ ಇದೆ, ಕೆಲಸ ಅದೇ. ಮುಂದಿನದು ಎಷ್ಟು ನಿಧಾನ ಆಗ್ತಿದೆಯೋ ಹಿಂದಿನದೂ ಅಷ್ಟೇ. ಇಂಥ ಡಬ್ಬಿಗೆ ಹೆಸರಾದ ಟೆಕಾನ್ಷಾ ಅನ್ನೋದು ಮಿಶಿಗನ್ನಿನ ಒಂದು ಸಣ್ಣ ಹಳ್ಳಿಯ ಹೆಸರು. 2005ರ ಸೂಪರ್ ಡ್ಯೂಟಿ ಪಿಕಪ್ಪಿನಲ್ಲಿ ಫೋರ್ಡ್ ಕಂಪನಿ ಈ ಕಂಟ್ರೋಲರನ್ನ ಫ್ಯಾಕ್ಟರಿಯಿಂದಲೇ ಡ್ಯಾಶ್‌ಬೋರ್ಡಿಗೆ ಸೇರಿಸಿ ಕೊಡೋಕೆ ಶುರು ಮಾಡ್ತು, ಅದು ಪೆಡಲ್ ಒತ್ತಡವನ್ನೇ ನೋಡಿ ಹೇಳುತ್ತೆ. ಅಳಿಯನ ಗಾಡಿ ಅದಕ್ಕೂ ಹಳೇದು. ಅವನು ಪ್ರೊಪೋರ್ಷನಲ್ ತಗೊಂಡ. ಬೆಲೆ ಹೆಚ್ಚು ಅಂತ ಮಗಳು ಗೊಣಗಿದಳು. ನಾನು ಮಧ್ಯೆ ಬಾಯಿ ಹಾಕಿ, "ತಗೊಳ್ಳಲಿ ಬಿಡಮ್ಮ" ಅಂದೆ. ಯಾಕೆ ಅಂತ ಅವಳಿಗೆ ಗೊತ್ತಾಗಲಿಲ್ಲ.

ಹಾಕಿದ ಮೇಲೆ ಹದ ಮಾಡೋದು ನೋಡಿದೆ. ಖಾಲಿ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಲ್ಲಿ, ಡಬ್ಬಿ ಮೇಲಿನ ಸಣ್ಣ ಹಿಡಿಯನ್ನ ಮಾತ್ರ ಒತ್ತಬೇಕು. ಆಗ ಹಿಂದಿನ ಬ್ರೇಕ್ ಮಾತ್ರ ಹಿಡಿಯುತ್ತೆ. ಗಾಲಿ ಲಾಕಾಗೋವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಕೆಳಗಿಳಿಸಬೇಕು. ಭಾರ ಬದಲಾದ್ರೆ ಹದವೂ ಬದಲಾಗಬೇಕು. ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡಿದ್ರೆ ಅದೇ ಹಿಡಿ ಒತ್ತಿ ಹಿಂದಿನದನ್ನ ಮಾತ್ರ ಹಿಡಿದ್ರೆ ಹಗ್ಗ ಜಗ್ಗಿದ ಹಾಗೆ ನೆಟ್ಟಗಾಗುತ್ತೆ. ಆ ಕ್ಷಣ ನನಗೆ ಕೆರೆ ಏರಿ ಕಣ್ಣ ಮುಂದೆ ಬಂತು. ಹಿಂದಿನದು ಮೊದಲು ಹಿಡಿದಿದ್ರೆ ಮೂಕಿ ಎಳೀತಿತ್ತು, ತಳ್ಳುತ್ತಿರಲಿಲ್ಲ.

ಇನ್ನೊಂದು ಸಣ್ಣ ಡಬ್ಬಿ ಟ್ರೈಲರಿನ ಮೂಕಿ ಮೇಲಿತ್ತು, ಅದರಿಂದ ಒಂದು ತಂತಿ ಪಿಕಪ್ಪಿಗೆ. ಕೊಕ್ಕೆ ಕಳಚಿ ಟ್ರೈಲರ್ ಬೇರೆಯಾದ್ರೆ ತಂತಿ ಒಂದು ಪಿನ್ನನ್ನ ಕಿತ್ತುಕೊಳ್ಳುತ್ತೆ, ಟ್ರೈಲರಿನದ್ದೇ ಬ್ಯಾಟರಿಯಿಂದ ಬ್ರೇಕ್ ಪೂರ್ತಿ ಹಿಡಿಯುತ್ತೆ. ಬಾಡಿಗೆ ಸಾಗಣೆ ಮಾಡೋರಿಗೆ ಅಲ್ಲಿನ ಕೇಂದ್ರದ ನಿಯಮ ಹೇಳೋದು, ಆ ಹಿಡಿತ ಕನಿಷ್ಠ 15 ನಿಮಿಷ ಇರಬೇಕು ಅಂತ. ಆರ್ಮಾದ ಮಕ್ಕಳ ಸಾವಿನಿಂದ ಕಲಿತ ಪಾಠ ಈ ಪಿನ್ನಿನವರೆಗೆ ಬಂದಿದೆ. ಯಾವ ತೂಕದ ಮೇಲೆ ಬ್ರೇಕ್ ಕಡ್ಡಾಯ ಅನ್ನೋದು ಅಲ್ಲಿ ರಾಜ್ಯಕ್ಕೊಂದು ಥರ. ಸುಮಾರು ರಾಜ್ಯಗಳಲ್ಲಿ 3,000 ಪೌಂಡ್, ಅಂದ್ರೆ 1,360 ಕೆಜಿ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪಿಂಗ್ ಟ್ರೈಲರಿಗೆ 1,500 ಪೌಂಡ್. ಯುರೋಪಿನಲ್ಲಿ 750 ಕೆಜಿ ದಾಟಿದ್ರೆ ಬ್ರೇಕ್ ಬೇಕೇ ಬೇಕು. ಅಲ್ಲಿ ಸಣ್ಣ ಟ್ರೈಲರಿಗೆ ವಿದ್ಯುತ್ತಿಲ್ಲ, ಓವರ್‌ರನ್ ಬ್ರೇಕ್ ಅಂತ ಇದೆ. ಹಿಂದಿನದು ಮುಂದಿನದನ್ನ ತಳ್ಳಿದಾಗ ಮೂಕಿಯೇ ಒಳಕ್ಕೆ ಜರುಗಿ ಬ್ರೇಕನ್ನ ಎಳೆಯುತ್ತೆ. ತಳ್ಳಿದ ತಪ್ಪಿಗೆ ತಾನೇ ಹಿಡಿದುಕೊಳ್ಳೋ ಹಾಗೆ. ನಾವು ಎಂಟು ಟನ್ ಕಬ್ಬನ್ನ ಒಂದು ಕಲ್ಲಿನ ನಂಬಿಕೆಯಲ್ಲಿ ಓಡಿಸ್ತೀವಿ.

ಊರಿಗೆ ಬಂದ ಮೇಲೆ ಮೊದಲ ಕೆಲಸ ಟ್ರಾಲೀನ ಅದೇ ವೆಲ್ಡಿಂಗ್‌ನವನ ಹತ್ತಿರ ಒಯ್ದದ್ದು. ವಿದ್ಯುತ್ ಬ್ರೇಕ್ ನಮ್ಮ ಕೆಸರು, ಧೂಳು, ಇಲ್ಲಿ ಸಿಗದ ಬಿಡಿಭಾಗ ಇದಕ್ಕೆಲ್ಲಾ ಹೊಂದಲ್ಲ ಅಂತ ಬಿಟ್ಟೆ. ಅಚ್ಚಿಗೆ ಹೈಡ್ರಾಲಿಕ್ ಡ್ರಮ್ ಬ್ರೇಕ್ ಹಾಕಿಸಿ, ಟ್ರಾಕ್ಟರಿನ ಹೈಡ್ರಾಲಿಕ್ಕಿನಿಂದ, ಬ್ರೇಕ್ ಪೆಡಲ್ಲಿಗೆ ಜೋಡಿಸಿದ ವಾಲ್ವ್ ಮೂಲಕ ಎಣ್ಣೆ ಕೊಟ್ಟಿದ್ದೀವಿ. ಪೆಡಲ್ ಎಷ್ಟು ಒತ್ತಿದ್ರೆ ಹಿಂದೆ ಅಷ್ಟು ಹಿಡಿತ. ಇದರ ದೋಷವೂ ಹೇಳ್ತೀನಿ, ಕೊಳವೆ ಒಡೆದ್ರೆ ಬ್ರೇಕಿಲ್ಲ, 1869ರ ವೆಸ್ಟಿಂಗ್‌ಹೌಸ್ ಬ್ರೇಕಿನ ಅದೇ ದೋಷ. ಅದಕ್ಕೆ ಟ್ರಾಲಿಗೆ ಬೇರೆ ಕೈಬ್ರೇಕ್ ಇಟ್ಟು, ಅದರ ಹಿಡಿಗೆ ಸ್ಪ್ರಿಂಗ್ ಕೊಟ್ಟು, ಒಂದು ತಂತಿ ಟ್ರಾಕ್ಟರಿಗೆ ಕಟ್ಟಿದ್ದೀವಿ. ಪಿನ್ನು ಕಳಚಿದ್ರೆ ತಂತಿ ಎಳೆದು ಕೈಬ್ರೇಕ್ ಬೀಳುತ್ತೆ. ಜೊತೆಗೆ ಸರಪಳಿ. ಎಲ್ಲಾ ಸೇರಿ ಖರ್ಚು ಆವತ್ತು ಕೇಳಿದ್ದಕ್ಕಿಂತ ಎರಡೂವರೆ ಪಟ್ಟು. ಮೊದಲ ತಿಂಗಳು ಖಾಲಿ ಟ್ರಾಲಿಯಲ್ಲಿ ಗಾಲಿ ಲಾಕಾಗ್ತಿತ್ತು, ವಾಲ್ವ್ ಎರಡು ಸಲ ಹದ ಮಾಡಿಸಿದೆ. ಅಳಿಯನಿಗೆ ಫೋನಲ್ಲಿ ಹೇಳಿದ್ರೆ ನಕ್ಕ, "ಮಾವ, ಭಾರ ಬದಲಾದ್ರೆ ಹದ ಬದಲಾಗಬೇಕು ಅಂತ ನೀವೇ ನೋಡಿದ್ರಲ್ಲ."

ಇಷ್ಟು ಖರ್ಚು ಈ ವರ್ಷ ಆಗಲ್ಲ ಅನ್ನೋರು ಇದನ್ನಾದ್ರೂ ಮಾಡಿ. ರಸ್ತೆಗಿಳಿಯೋ ಮೊದಲು ಎಡ ಬಲ ಎರಡು ಬ್ರೇಕ್ ಪೆಡಲ್ಲನ್ನ ಕೊಂಡಿ ಹಾಕಿ ಒಂದು ಮಾಡಿ, ಇಲ್ಲದಿದ್ರೆ ಒಂದೇ ಗಾಲಿ ಹಿಡಿದು ಟ್ರಾಕ್ಟರ್ ತಿರುಗಿಬಿಡುತ್ತೆ. ಇಳಿಜಾರು ಶುರುವಾಗೋ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ಲಿಗೆ ಹಾಕಿ ಇಳಿಸಬೇಡಿ. ಒಂದು ಟ್ರಾಲಿ ಹಿಂದೆ ಇನ್ನೊಂದು ಟ್ರಾಲಿ ಕಟ್ಟಬೇಡಿ. ಹೊಸ ಟ್ರಾಲಿ ಮಾಡಿಸೋರು, ವೆಲ್ಡಿಂಗ್‌ನವರು ಬ್ರೇಕಿನ ಅಚ್ಚು ಹಾಕ್ಲಾ ಅಂತ ಕೇಳಿದ್ರೆ ಹೂಂ ಅನ್ನಿ.

ಹೋದ ವಾರ ಆ ಹುಡುಗನನ್ನ ಕರೆದು ಈ ಎಲ್ಲಾ ಮಾತು ಹೇಳಿದೆ, 18,000ದ್ದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಾನು ಬ್ರೇಕ್ ತಡವಾಗಿ ಒತ್ತಿದೆ ಅಂತಲೇ ಅಂದ್ಕೊಂಡಿದ್ದೆ ಕಣಣ್ಣ ಇಷ್ಟು ದಿನ" ಅಂದ. ನಾಲ್ಕು ವರ್ಷ ಅವನು ಅದನ್ನ ಹೊತ್ಕೊಂಡು ತಿರುಗಿದ್ದಾನೆ. ನಾನು ಏನು ಹೇಳಬೇಕೋ ತಿಳಿಯದೆ ಕಾಫಿ ತರಿಸಿದೆ. ಹೋಗೋವಾಗ ಟ್ರಾಕ್ಟರ್ ಹತ್ತಿ, ಪೆಡಲ್ ಒತ್ತಿ, ಹಿಂದಕ್ಕೆ ತಿರುಗಿ ಟ್ರಾಲಿ ಗಾಲಿ ನೋಡಿದ. ಮೂರು ಸಲ ಒತ್ತಿ ನೋಡಿದ. ಸೋಮವಾರದಿಂದ ನಮ್ಮ ಕಬ್ಬು ಕಡಿಯೋದು ಶುರು, ಟ್ರಾಕ್ಟರ್ ಅವನೇ ಓಡಿಸ್ತಾನಂತೆ.